ದಡ ಮುಟ್ಟಿದ ಮೇಲಿನ ಕಥೆ

2014ರಲ್ಲಿ ನಮ್ಮೂರು ಅಧಿಕೃತವಾಗಿ ಕಲಬುರಗಿಯಾಗುವುದಕ್ಕೆ ಬಹಳ ಹಿಂದೆ, ಎಲ್ಲರೂ ಗುಲ್ಬರ್ಗಾ ಎಂದೇ ಬರೆಯುತ್ತಿದ್ದ ಕಾಲದಲ್ಲಿ, ಹೈದರಾಬಾದಿನಲ್ಲಿ ನೌಕರಿಗಿದ್ದ ಕಾಕಾ ಆಬಿಡ್ಸಿನ ರವಿವಾರದ ಹಳೆ ಪುಸ್ತಕದ ಬಜಾರಿನಿಂದ ನನಗೊಂದು ದಪ್ಪ ಸಂಪುಟ ತಂದುಕೊಟ್ಟಿದ್ದರು. ಅಮೆರಿಕದ ಲೇಖಕಿ ಉರ್ಸುಲಾ ಲಿ ಗ್ವಿನ್ ಅವರ, ಅರ್ತ್‌ಸೀ ಎಂಬ ಕಲ್ಪನೆಯ ದ್ವೀಪಲೋಕದ ಮೂರು ಕಾದಂಬರಿಗಳು ಅದರಲ್ಲಿ ಒಟ್ಟಿಗಿದ್ದವು. ಸಂಜೆ ಮಾಳಿಗೆಗೆ ನೀರು ಹೊಡೆದು, ಕಾದ ಶಹಾಬಾದ್ ಫರಸಿ ಆರಿದ ಮೇಲೆ ಚಾಪೆ ಹಾಸಿ, ಬ್ಯಾಟರಿ ಬೆಳಕಿನಲ್ಲಿ ನಾನು ಅವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಎರಡನೆಯ ಕಥೆಯ ಟೆನಾರ್ ನನ್ನವಳಾಗಿದ್ದಳು. ಅಟುವಾನಿನ ಸಮಾಧಿಗಳ ಪೂಜಾರಿಣಿಯಾಗಿ ಬೆಳೆದ ಆ ಹುಡುಗಿ ಮಾಂತ್ರಿಕ ಗೆಡ್‌ನೊಂದಿಗೆ ಕತ್ತಲೆಯಿಂದ ಹೊರಬಿದ್ದು, ದೋಣಿ ಹತ್ತಿ ಹಾವ್ನರ್ ಪಟ್ಟಣ ಮುಟ್ಟುತ್ತಾಳೆ. ಕಡಲು ದಾಟಿದಳಲ್ಲ, ಇನ್ನೇನು ಚಿಂತೆ ಎಂದು ನಾನು ಪುಸ್ತಕ ಮುಚ್ಚುತ್ತಿದ್ದೆ.

ಮೂರನೆಯ ಕಾದಂಬರಿ ಬಂದ ಹದಿನೆಂಟು ವರ್ಷಗಳ ನಂತರ, 1990ರಲ್ಲಿ, ಲೇಖಕಿ ‘ತೆಹಾನು’ ಎಂಬ ನಾಲ್ಕನೆಯದನ್ನು ಬರೆದಿದ್ದರು. ನನಗದು ಸಿಕ್ಕಿದ್ದು ಗ್ಲಾಸ್ಗೋಗೆ ಬಂದು ಒಂಬತ್ತು ವರ್ಷ ಕಳೆದ ಮೇಲೆ, ಹೋದ ಚಳಿಗಾಲದಲ್ಲಿ, ಮನೆಯ ಹತ್ತಿರದ ಗ್ರಂಥಾಲಯದಲ್ಲಿ.

ಮೊದಲ ಐವತ್ತು ಪುಟಗಳಿಗೆ ನಾನು ಸಿಟ್ಟಾದೆ. ಡ್ರಾಗನ್ನಿನ ಬೆನ್ನೇರಿ ಹಾರಿಹೋಗಿದ್ದ ಗೆಡ್ ಇಲ್ಲಿ ಶಕ್ತಿಯನ್ನೆಲ್ಲ ಕಳೆದುಕೊಂಡು, ಅರಸನ ದೂತರ ಕಣ್ಣು ತಪ್ಪಿಸಿ ಬೆಟ್ಟದಲ್ಲಿ ಆಡು ಕಾಯುತ್ತಾನೆ. ಟೆನಾರ್ ಗಾಂಟ್ ದ್ವೀಪದ ಒಬ್ಬ ರೈತನ ವಿಧವೆ; ಮುಖದ ಒಂದು ಮಗ್ಗುಲು ಬೆಂದುಹೋದ ಅನಾಥ ಕೂಸನ್ನು ಸಾಕುತ್ತಿದ್ದಾಳೆ. ಹಡಗಿನಿಂದ ಮರಳಿದ ಅವಳ ಮಗ ತಾನುಂಡ ತಟ್ಟೆಯನ್ನೂ ಎತ್ತುವುದಿಲ್ಲ, ಅದು ಹೆಂಗಸರ ಕೆಲಸವಂತೆ. (ಇದನ್ನು ನೋಡಲು ದ್ವೀಪಕ್ಕೆ ಹೋಗಬೇಕಿರಲಿಲ್ಲ, ನಮ್ಮ ಓಣಿಯೇ ಸಾಕಿತ್ತು.)

ನನ್ನನ್ನು ಹಿಡಿದು ಕೂರಿಸಿದ್ದು ಒಂದು ಹೆಸರು. ಆ ಲೋಕದಲ್ಲಿ ಬಹುಪಾಲು ಜನ ಕಂದು ಮೈಯವರು, ಬಿಳಿ ಮೈಯ ಟೆನಾರ್ ಹೊರಗಿನವಳು. ನಾನಿಲ್ಲಿ ಅದರ ತಿರುವುಮುರುವು. ಹಳ್ಳಿಯವರು ಅವಳನ್ನು ಗೋಹಾ ಎನ್ನುತ್ತಾರೆ, ಗಾಂಟಿನಲ್ಲಿ ಅದು ಬಲೆ ನೇಯುವ ಸಣ್ಣ ಬಿಳಿ ಜೇಡದ ಹೆಸರು. ಟೆನಾರ್ ಎಂಬ ನಿಜನಾಮ ಬಲ್ಲವರು ಬೆರಳೆಣಿಕೆಯಷ್ಟು. ಇಪ್ಪತ್ತೈದು ವರ್ಷ ಅವಳು ಆ ಜೇಡದ ಹೆಸರಿಗೆ ಓಗೊಟ್ಟು, ಹಾಲು ಕರೆದು, ಚೀಸು ಮಾಡಿ, ಮಕ್ಕಳನ್ನು ಬೆಳೆಸಿದ್ದಾಳೆ. ನಾನು ಮಾಳಿಗೆಯ ಮೇಲೆ ಮುಚ್ಚಿಟ್ಟ ಪುಸ್ತಕದಾಚೆ ನಡೆದದ್ದು ಇದು.

ನನ್ನ ಹೆಸರು ಶರಣಮ್ಮ. ಕೆಲಸಕ್ಕೆ ಸೇರಿದ ಮೊದಲ ವಾರವೇ ಇಲ್ಲಿನವರಿಗೆ ಅದು ಶಾರನ್ ಆಯಿತು. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಲಿಲ್ಲ, ನಾನೂ ತಿದ್ದಲಿಲ್ಲ.

ಪುಸ್ತಕ ಮುಗಿಸಿದ ವಾರ, ಅವ್ವ ಮಗ್ಗುಲ ಮನೆಯವರ ಫೋನಿನಿಂದ ಕರೆ ಮಾಡಿದಳು. ನಂಬರು ಗುರುತಿಸದ ನಾನು ರೂಢಿಯಂತೆ “ಹಲೋ, ಶಾರನ್” ಎಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಅವ್ವ ಯಾರಿಗೋ ಹೇಳಿದ್ದು ಕೇಳಿಸಿತು: “ರಾಂಗ್ ನಂಬರ್ ಹತ್ಯಾದ ನೋಡು.” ಮತ್ತು ಫೋನ್ ಇಟ್ಟಳು.