ಎರಡು ಹಿಡಿ ಉಪ್ಪು

27 ಏಪ್ರಿಲ್ 2025, ಭಾನುವಾರ, ರಾತ್ರಿ 11.40

ಇವತ್ತು ಅಪ್ಪನ ಮೇಲೆ ಕೂಗಾಡಿದೆ. ಅದೂ ಒಂದು ಏಡಿಗೋಸ್ಕರ. ಬರೆದು ಮುಗಿಸಿದರೆ ನಿದ್ದೆ ಬರಬಹುದೇನೋ ಅಂತ ಕೂತಿದ್ದೇನೆ.

ಗುರುವಾರ ಆಫೀಸ್ ಕೆಲಸಕ್ಕೆ ಚೆನ್ನೈಗೆ ಹೋಗಿದ್ದವಳು ಬೆಳಿಗ್ಗೆ ಆರಕ್ಕೆ ಮನೆಗೆ ಬಂದೆ. ಚೆನ್ನೈ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ಸೆಕೆ. ನನ್ನ ಉಪ್ಪುನೀರಿನ ಹವಳದ ಟ್ಯಾಂಕಿನ ಲೈಟ್ ಹೊತ್ತುವುದು ಹತ್ತಕ್ಕೆ, ಅಲ್ಲಿಯವರೆಗೆ ಎಲ್ಲವೂ ಮುದುಡಿಕೊಂಡೇ ಇರುತ್ತವೆ, ಹಾಗಾಗಿ ಸುಮ್ನೆ ಒಂದು ಸಲ ಕಣ್ಣಾಡಿಸಿ ಮಲಗಿಬಿಟ್ಟೆ. ಎದ್ದಾಗ ಹನ್ನೊಂದೂವರೆ. ಲೈಟ್ ಹೊತ್ತಿ ಒಂದೂವರೆ ಗಂಟೆಯಾಗಿದ್ದರೂ ಜೋವಾಗಳು, ಅಂದರೆ ಹೂವಿನ ಹಾಗೆ ಅರಳುವ ಹವಳದ ಜಾತಿಯ ಜೀವಿಗಳು, ಅಂಗಿಯ ಗುಂಡಿಯ ಹಾಗೆ ಮುಚ್ಚಿಕೊಂಡೇ ಇದ್ದವು. ಯಾವಾಗಲೂ ಮುಷ್ಟಿ ಬಿಚ್ಚಿ ಮುಚ್ಚಿ ಆಡುವ ಜೀನಿಯಾ ಅನ್ನುವ ಮೆತ್ತನೆ ಹವಳ ನೆನೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮಶ್ರೂಮ್ ಹವಳಗಳು ಎಂಟಾಣೆಯಷ್ಟಕ್ಕೆ ಕುಗ್ಗಿದ್ದವು. ಏಡಿ ಎಲ್ಲೂ ಕಾಣಲಿಲ್ಲ.

ಇದೆಲ್ಲಕ್ಕಿಂತ ಹೆದರಿಸಿದ್ದು ನೀರಿನ ಮಟ್ಟ. ಗಾಜಿನ ಮೇಲೆ ಒಂದು ಕಪ್ಪು ಟೇಪ್ ಅಂಟಿಸಿದ್ದೇನೆ, ನೀರು ಅಲ್ಲಿರಬೇಕು ಅಂತ ಗುರುತಿಗೆ. ಈ ಬಿಸಿಲಿಗೆ ನೀರು 29 ಡಿಗ್ರಿ ದಾಟುತ್ತದೆ ಅಂತ ಮೇಲೊಂದು ಫ್ಯಾನ್ ಇಟ್ಟಿದ್ದೇನಲ್ಲ, ಅದರಿಂದ ನೀರೇನೋ ತಣ್ಣಗಿರುತ್ತದೆ, ಆದರೆ ದಿನಕ್ಕೆ ಮುಕ್ಕಾಲು ಲೀಟರ್ ಹತ್ತಿರ ಆರಿ ಹೋಗುತ್ತದೆ. ಮೂರು ದಿನ ಬಿಟ್ಟು ಹೋಗಿದ್ದೆ, ನೀರು ಟೇಪಿಗಿಂತ ಒಂದು ಬೆರಳು ಕೆಳಗಿರಬೇಕಿತ್ತು. ಸರಿಯಾಗಿ ಟೇಪಿನ ಮೇಲೇ ಇತ್ತು.

"ಅಪ್ಪಾ, ಟ್ಯಾಂಕಿಗೆ ಏನರ ಹಾಕಿದಿಯೇನು?"

"ಹೂಂ. ನೀರು ಇಳಿದಿತ್ತವ್ವಾ. ಫಿಲ್ಟರ್ ನೀರಾ ಹಾಕೀನಿ, ನಳದ್ದಲ್ಲ."

"ಬರೇ ನೀರಾ?"

"ಉಪ್ಪೂ ಹಾಕೀನಿ. ಸಮುದ್ರದ ನೀರಲ್ಲೇನು ಅದು? ಸಪ್ಪನ್ನ ನೀರು ಹಾಕಿದ್ರ ಸಾಯ್ತಾವಂತ…"

"ಎಷ್ಟು?"

"ಎರಡು ಹಿಡಿ."

ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದು ಒಂದು ಹನಿ ಹಾಕಿ ಕಿಟಕಿಯ ಬೆಳಕಿಗೆ ಹಿಡಿದೆ. ಸಿಹಿ ನೀರಿನ ಭಾರ 1 ಅಂದರೆ ಇದು 1.029. ಇರಬೇಕಾದ್ದು 1.026. ನೋಡುವವರಿಗೆ ಇದೇನು ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ, ಮೂರನೇ ದಶಮಾಂಶದಲ್ಲಿ ಮೂರು ಜಾಸ್ತಿ. ಆದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 39ರ ಹತ್ತಿರ ಹೋಗಿದೆ ಅಂತ ಅರ್ಥ. ಮೀನಾದರೆ ಮೈಯೊಳಗಿನ ಉಪ್ಪನ್ನು ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ. ಹವಳಕ್ಕೆ ಆ ಉಪಾಯ ಗೊತ್ತಿಲ್ಲ, ಹೊರಗಿನ ನೀರು ಹೇಗೋ ಒಳಗೂ ಹಾಗೆ.

ಆಮೇಲೆ ನಾನು ಏನೇನೋ ಅಂದೆ. ಎಲ್ಲ ಬರೆಯುವುದಿಲ್ಲ. "ಮುಟ್ಟಬ್ಯಾಡ ಅಂತ ಹೇಳಿ ಹೋಗಿದ್ದಿಲ್ಲೇನು" ಅಂದಿದ್ದು ನೆನಪಿದೆ. "ನಿನಗ ಗೊತ್ತಿಲ್ಲದ್ದಕ್ಕ ಯಾಕ ಕೈ ಹಾಕ್ತಿ" ಅಂದಿದ್ದೂ. ಅಪ್ಪ ತಿರುಗಿ ಏನೂ ಹೇಳಲಿಲ್ಲ. ಬಾಲ್ಕನಿಗೆ ಹೋಗಿ ಕೂತರು. ಅಪ್ಪ ಬೆಂಗಳೂರಿಗೆ ಬಂದು ಒಂದೂವರೆ ತಿಂಗಳಾಯಿತು. ಅಮ್ಮ ತಂಗಿಯ ಬಾಣಂತನಕ್ಕೆ ಹುಬ್ಬಳ್ಳಿಯಲ್ಲಿದ್ದಾಳೆ, ಗದ್ದೆ ಈ ವರ್ಷ ಗುತ್ತಿಗೆಗೆ ಹೋಗಿದೆ, ಊರಲ್ಲಿ ಒಬ್ಬರೇ ಏನು ಮಾಡುತ್ತೀರಿ ಬನ್ನಿ ಅಂತ ಕರೆದುಕೊಂಡು ಬಂದವಳು ನಾನೇ.

ಮಧ್ಯಾಹ್ನ ಅನ್ನ ಸಾರು ಮಾಡಿದೆ. ಅಪ್ಪ ಹಸಿವಿಲ್ಲ ಅಂದರು.

ಈ ಟ್ಯಾಂಕ್ ಬಂದಾಗಿನಿಂದ ಅಪ್ಪನಿಗೆ ಇದರ ಬಗ್ಗೆ ಪ್ರಶ್ನೆಗಳೇ. ತಿನ್ನುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಮತ್ತೆ ಯಾಕೆ? ಸಮುದ್ರದಿಂದ ಕಿತ್ತು ತಂದಿದ್ದಾ? ಇಲ್ಲ ಅಪ್ಪ, ಗಟ್ಟಿ ಹವಳ ಹುಲಿ ಇರುವ ಪಟ್ಟಿಯಲ್ಲೇ ಇದೆ, 1972ರ ವನ್ಯಜೀವಿ ಕಾಯ್ದೆ, ಸತ್ತ ತುಂಡನ್ನೂ ಎತ್ತಿಕೊಂಡು ಬರುವ ಹಾಗಿಲ್ಲ, ನನ್ನ ಹತ್ತಿರ ಇರುವುದೆಲ್ಲ ಮೆತ್ತನೆಯವು, ಗೆಳತಿಯ ಟ್ಯಾಂಕಿನಲ್ಲಿ ಬೆಳೆದದ್ದನ್ನು ಕತ್ತರಿಸಿ ಕೊಟ್ಟ ತುಂಡುಗಳು, ಕಲ್ಲು ಕೂಡ ಸಿಮೆಂಟಿನಲ್ಲಿ ಮಾಡಿದ್ದು ಅಂತ ಹೇಳಿದ್ದೆ. "ಅಂದ್ರ ಕಬ್ಬಿನ ಬೀಜದಂಗ" ಅಂದಿದ್ದರು ಆಗ. ಹೌದು, ಕಬ್ಬಿನ ತುಂಡು ನೆಟ್ಟ ಹಾಗೇ. ಗಂಗಾವತಿ ಕಡೆಯವಳಿಗೆ ಸಮುದ್ರದ ಹುಚ್ಚು ಎಲ್ಲಿಂದ ಬಂತು ಅಂತ ಮಾತ್ರ ಅವರಿಗೆ ಹೇಳುವುದಕ್ಕೆ ಆಗಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದೇ ಒಂದು ಸಲ ನೀರೊಳಗೆ ಇಳಿದಿದ್ದೆ. ಅಷ್ಟೇ ಸಾಕಾಯಿತು.

ಏಡಿಯ ಮೇಲಂತೂ ಅಪ್ಪನಿಗೆ ಹಳೇ ಸಿಟ್ಟು. ಗದ್ದೆ ಮಾಡಿದವರಿಗೆ ಗೊತ್ತಿರುತ್ತದೆ, ಬದುವಿಗೆ ಏಡಿ ತೂತು ಹಾಕಿದರೆ ರಾತ್ರಿ ಬೆಳಗಾಗುವುದರಲ್ಲಿ ಮಡಿಯ ನೀರೆಲ್ಲ ಪಕ್ಕದವನ ಗದ್ದೆಯಲ್ಲಿ. ನಮ್ಮದು ಕಾಲುವೆಯ ಕೊನೆ, ನೀರು ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಹಾಗಾಗಿ ಬ್ಯಾಟರಿ ಹಿಡಿದು ನಡುರಾತ್ರಿಯಲ್ಲಿ ಬದು ಸುತ್ತುವುದು ಅಪ್ಪನ ನಿತ್ಯದ ಕೆಲಸ. ಅಂಥ ಮನುಷ್ಯನಿಗೆ ಐದು ರೂಪಾಯಿ ನಾಣ್ಯದಷ್ಟಿರುವ ಹಸಿರು ಏಡಿಯನ್ನು ದುಡ್ಡು ಕೊಟ್ಟು ತಂದೆ ಅಂತ ಹೇಳಬೇಕಾಗಿ ಬಂದಾಗ ನನಗೇ ನಾಚಿಕೆಯಾಗಿತ್ತು. ಎಮರಾಲ್ಡ್ ಏಡಿ ಅಂತಾರೆ, ಮೂಲ ಕೆರಿಬಿಯನ್ ಕಡೆಯದು, ಗುಳ್ಳೆ ಗುಳ್ಳೆಯಾಗಿ ಬೆಳೆಯುವ ಪಾಚಿಯನ್ನು ಚಿವುಟಿ ತಿನ್ನುತ್ತದೆ ಅಂತ ತಂದದ್ದು. ಅಪ್ಪ ಅದಕ್ಕೆ ಕಳ್ಳ ಅಂತ ಹೆಸರಿಟ್ಟರು. ಈಗ ನಾನೂ ಹಾಗೇ ಕರೆಯುತ್ತೇನೆ.

ಜನವರಿಯಲ್ಲಿ ಈ ಕಳ್ಳ ಸತ್ತೇ ಹೋಯಿತು ಅಂತ ಅತ್ತು, ಕಾಲು ಕಣ್ಣು ಎಲ್ಲ ಸಮೇತ ತುಳಸಿ ಕುಂಡದಲ್ಲಿ ಹೂತಿದ್ದೆ. ನಾಲ್ಕು ದಿನ ಬಿಟ್ಟು ಕಲ್ಲಿನ ಸಂದಿಯಿಂದ ಮೊದಲಿಗಿಂತ ಸ್ವಲ್ಪ ದಪ್ಪಗೆ ಹೊರಗೆ ಬಂತು. ನಾನು ಹೂತಿದ್ದು ಅದು ಕಳಚಿಟ್ಟ ಚಿಪ್ಪನ್ನು. ಗೊತ್ತಿದ್ದವರು ನಗಬೇಡಿ, ಬೆಳೆಯಬೇಕಾದರೆ ಏಡಿ ಚಿಪ್ಪು ಬಿಡಲೇಬೇಕು, ಹೊಸದು ಗಟ್ಟಿಯಾಗುವ ತನಕ ಅಡಗಿಕೊಂಡಿರುತ್ತದೆ ಅಂತ ಓದಿದ್ದು ಆಮೇಲೆ.

ಈ ಸಲ ಚಿಪ್ಪೂ ಇಲ್ಲ, ಏಡಿಯೂ ಇಲ್ಲ.

ಸಂಜೆ ಐದಕ್ಕೆ ಚಹಾ ಮಾಡಿ ಬಾಲ್ಕನಿಗೆ ತೆಗೆದುಕೊಂಡು ಹೋದೆ. ತಪ್ಪಾಯಿತು ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಚಹಾ ಕೊಡುತ್ತೇವೆ. ಅಪ್ಪ ಅರ್ಧ ಕುಡಿದು, ಬಸಿಯಲ್ಲಿ ಸುರಿದುಕೊಂಡ ಚಹಾ ಆರುತ್ತಿರುವುದನ್ನೇ ನೋಡುತ್ತಾ, "ಉಪ್ಪಿನ ನೀರು ಕಡಿಮಿ ಆದ್ರ ಉಪ್ಪಿನ ನೀರಾ ಹಾಕಬೇಕಲ್ಲವ್ವಾ. ನಾ ಮಾಡಿದ್ದು ಏನು ತಪ್ಪು ಅಂತ ಒಂದೀಟು ಹೇಳು" ಅಂದರು.

ಸಿಟ್ಟಿರಲಿಲ್ಲ ದನಿಯಲ್ಲಿ. ನಿಜಕ್ಕೂ ಕೇಳುತ್ತಿದ್ದರು.

"ನೀರು ಆರಿ ಹೋಗತೈತಿ ಅಪ್ಪಾ. ಉಪ್ಪು ಎಲ್ಲಿಗಿ ಹೋಗತೈತಿ? ಎಲ್ಲೂ ಹೋಗಂಗಿಲ್ಲ, ಅಲ್ಲೇ ಇರತೈತಿ. ಹೋಗಿದ್ದು ಬರೇ ಸಿಹಿ ನೀರು, ಅದಕ್ಕ ತುಂಬಬೇಕಾದ್ದೂ ಬರೇ ಸಿಹಿ ನೀರು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಂದ್ರ ಸವಳು ಹತ್ತಿದಂಗ ಅನ್ನು."

ನನಗೆ ಮಾತೇ ಹೊರಡಲಿಲ್ಲ. ನಮ್ಮ ಕೆಳಗಿನ ಗದ್ದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತಾ ಬಂದದ್ದು. ಐವತ್ತರ ದಶಕದಲ್ಲಿ ತುಂಗಭದ್ರೆಯ ನೀರು ಬಂದಾಗ ಜೋಳ ಬಿಟ್ಟು ಭತ್ತಕ್ಕೆ ಇಳಿದವರು ನಮ್ಮ ಅಜ್ಜ. ಕಾಲುವೆಯ ನೀರು ಸಿಹಿಯೇ, ಅದರ ತಪ್ಪಲ್ಲ. ಉಪ್ಪು ಕಪ್ಪು ಮಣ್ಣಿನ ಒಳಗೇ ಇತ್ತು. ಮೇಲಿನ ಗದ್ದೆಗಳ ಬಸಿ ನೀರೆಲ್ಲ ನಮ್ಮ ತಗ್ಗಿಗೆ ಬಂದು ನಿಂತು, ನೆಲದೊಳಗಿನ ನೀರು ಉಪ್ಪನ್ನು ಹೊತ್ತುಕೊಂಡು ಮೇಲಕ್ಕೇರಿ, ಬಿಸಿಲಿಗೆ ನೀರು ಆರಿ, ಉಪ್ಪು ಅಲ್ಲೇ ಕೂತಿತು. ಅಪ್ಪ ಮಣ್ಣು ಕಟ್ಟಿಕೊಂಡು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಓಡಾಡಿದ್ದು, ಬಸಿಗಾಲುವೆ ತೋಡಿಸಿದ್ದು, ಜಿಪ್ಸಂ ಹಾಕಿದ್ದು, ಆ ಸಾಲ ತೀರಿಸಿದ್ದು. ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ನಾನು ಬೆಳಿಗ್ಗೆ "ಗೊತ್ತಿಲ್ಲದ್ದಕ್ಕೆ ಕೈ ಹಾಕಬೇಡ" ಅಂದಿದ್ದೆ.

"ಹಂಗಾದ್ರ ಒಂದೀಟು ನೀರು ಹೊರಗ ತಗಿ, ಅಷ್ಟಾ ಸಿಹಿ ನೀರು ಬಿಡು. ಒಮ್ಮಿಗೇ ಬ್ಯಾಡ ಮತ್ತ. ನಿಧಾನಕ."

ಮಾಡಬೇಕಾದ್ದು ಅದೇ. ಪುಸ್ತಕ ನೋಡಿದರೂ ಅದನ್ನೇ ಹೇಳುತ್ತದೆ.

ಇಬ್ಬರೂ ಒಳಗೆ ಬಂದೆವು. ಎಷ್ಟು ತೆಗೆಯಬೇಕು ಅನ್ನುವುದಕ್ಕೆ ಎರಡು ಹಿಡಿ ಅಂದರೆ ಎಷ್ಟು ಅಂತ ಗೊತ್ತಾಗಬೇಕಲ್ಲ, ಅಡುಗೆಮನೆಯ ತೂಕದ ಮೇಲೆ ಬಟ್ಟಲಿಟ್ಟು "ಅವತ್ತು ಹಾಕಿದಂಗೇ ಹಾಕು" ಅಂದೆ. ಅಪ್ಪ ಡಬ್ಬಿಯಿಂದ ಕಲ್ಲುಪ್ಪು ತೆಗೆದು ಒಂದು ಹಿಡಿ ಹಾಕಿದರು. 62 ಗ್ರಾಂ. ಇನ್ನೊಂದು ಹಿಡಿ. ಒಟ್ಟು 124. ವರ್ಷಗಟ್ಟಲೆ ಯೂರಿಯಾ ಚೆಲ್ಲಿದ ಕೈ, ಒಂದು ಗ್ರಾಂ ಆಚೀಚೆ ಇಲ್ಲ. ನನಗೆ ನಗು ಬಂತು, ಅಪ್ಪನಿಗೂ ಬಂತು, ಆದರೆ ಇಬ್ಬರೂ ನಗಲಿಲ್ಲ.

ಟ್ಯಾಂಕ್ ಹೆಸರಿಗೆ 40 ಲೀಟರ್. ಕಲ್ಲು ಮರಳು ಬಿಟ್ಟರೆ ನೀರು 32 ಇರಬಹುದು. ಲೆಕ್ಕ ಹಾಕಿದರೆ ಮೂರು ಲೀಟರ್ ತೆಗೆದು ಮೂರು ಲೀಟರ್ ಸಿಹಿ ನೀರು ಹಾಕಬೇಕು. ಒಂದೇ ಸಲಕ್ಕೆ ಮಾಡಿದರೆ ಉಪ್ಪು ಏರಿ ಒದ್ದಾಡಿದವು ಉಪ್ಪು ಇಳಿದು ಒದ್ದಾಡುತ್ತವೆ, ಅದಕ್ಕೆ ಒಂದೊಂದೇ ಲೀಟರ್. ಸಂಜೆ ಆರಕ್ಕೆ ಮೊದಲನೆಯದು, ಸಣ್ಣ ಪೈಪಿಗೆ ಗಂಟು ಹಾಕಿ ಹನಿ ಹನಿಯಾಗಿ ಬಿಟ್ಟೆವು. ಹನಿ ನೀರಾವರಿ ಅಂದರು ಅಪ್ಪ. ಕೈಗವಸು ಹಾಕಿಕೊಂಡೇ ಒಳಗೆ ಕೈ ಇಟ್ಟೆ, ಜೋವಾಗಳ ಕೆಲವು ಜಾತಿಗಳಲ್ಲಿ ಕೆಟ್ಟ ವಿಷ ಇರುತ್ತದೆ. ಅದನ್ನು ಅಪ್ಪನಿಗೆ ಹೇಳಿರಲಿಲ್ಲ. ಗುರುವಾರದಿಂದ ಅವರು ಬರಿಗೈಯನ್ನು ಎಲ್ಲೆಲ್ಲಿ ಅದ್ದಿದ್ದರೋ ಏನೋ! ಕೇಳಿದೆ, ಮೇಲಿನಿಂದ ಸುರಿದೆ ಅಷ್ಟೇ ಅಂದರು. ಕೈ ತೊಳೆಸಿದೆ. ಮತ್ತೆ ತೊಳೆಸಿದೆ.

ಮೂರು ದಿನ ತಡೆಯುತ್ತದೆ ಅಂತ ಹೇಳಿ ಹೋಗಿದ್ದೆನಲ್ಲ, ಮತ್ತೆ ಯಾಕೆ ಹಾಕಿದಿರಿ ಅಂತ ಕೇಳಿದ್ದಕ್ಕೆ, ನೀರು ಇಳಿಯುವುದನ್ನು ನೋಡುತ್ತಾ ಕೂರುವುದಕ್ಕೆ ಆಗಲಿಲ್ಲ ಅಂದರು. ಹೋದ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗಲೂ ಹೀಗೇ, ಟಿವಿ ಮುಂದೆ ಕೂತು ನೀರು ಹೋಗುವುದನ್ನು ನೋಡುತ್ತಾ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ ಅಂತ ಅಮ್ಮ ಹೇಳಿದ್ದಳು.

ಎಂಟೂವರೆಗೆ ಒಟ್ಟಿಗೆ ಊಟ ಮಾಡಿದೆವು. ಹತ್ತಕ್ಕೆ ಎರಡನೇ ಲೀಟರ್. ಈಗ 1.027ರ ಹತ್ತಿರ ಇದೆ. ಲೈಟ್ ಆರುವ ಮೊದಲು ಜೋವಾಗಳಲ್ಲಿ ನಾಲ್ಕೈದು ಅರ್ಧ ಬಿಚ್ಚಿದವು. ಜೀನಿಯಾ ಹಾಗೇ ಇದೆ, ಉಳಿಯುವುದು ಅನುಮಾನ. ಸಿಗಡಿ ಚೂರು ಕಡ್ಡಿಗೆ ಸಿಕ್ಕಿಸಿ ಕಲ್ಲಿನ ಸಂದಿಗೆ ಹಿಡಿದೆ. ಬೇರೆ ದಿನವಾದರೆ ವಾಸನೆಗೇ ಒಂದು ಕೊಂಡಿ ಹೊರಗೆ ಬರುತ್ತಿತ್ತು. ಬರಲಿಲ್ಲ. ಚಿಪ್ಪು ಬಿಡುತ್ತಿದೆಯೋ, ಅಥವಾ…

ಕೆಂಪು ಬೆಳಕು ಅದಕ್ಕೆ ಅಷ್ಟಾಗಿ ಕಾಣುವುದಿಲ್ಲವಂತೆ, ರಾತ್ರಿ ಹುಡುಕುವುದಾದರೆ ಕೆಂಪು ಬೆಳಕಿನಲ್ಲಿ ಹುಡುಕಬೇಕು ಅಂತ ಊಟದ ಹೊತ್ತಿಗೆ ಸುಮ್ನೆ ಹೇಳಿದ್ದೆ. ಈಗ ಹಾಲ್ ಕಡೆಯಿಂದ ಸ್ಟೂಲ್ ಎಳೆದ ಸದ್ದು ಬಂತು. ಬಾಗಿಲ ಸಂದಿಯಿಂದ ನೋಡಿದರೆ ಅಪ್ಪ ತಮ್ಮ ಊರಿನ ಬ್ಯಾಟರಿಗೆ ದಿನಸಿ ಅಂಗಡಿಯ ಕೆಂಪು ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಗಾಜಿಗೆ ಮುಖ ಹಚ್ಚಿ ಕೂತಿದ್ದಾರೆ. ಏನೋ ಗೊಣಗುತ್ತಲೂ ಇದ್ದಾರೆ, ಏಡಿಗೆ ಬೈಯುತ್ತಿದ್ದಾರೋ ಕರೆಯುತ್ತಿದ್ದಾರೋ ಗೊತ್ತಾಗುತ್ತಿಲ್ಲ.

ಮೂರನೇ ಲೀಟರ್ ಬೆಳಿಗ್ಗೆಗೆ ಇಟ್ಟಿದ್ದೇನೆ. ನಾಳೆ ಒಂಬತ್ತಕ್ಕೆ ಮೀಟಿಂಗ್ ಬೇರೆ ಇದೆ, ಅಪ್ಪನಿಗೇ ಹೇಳಿ ಹೋಗೋಣ ಅಂತ. ಅಮ್ಮನಿಗೆ ಫೋನ್ ಮಾಡಿಲ್ಲ ಇವತ್ತು, ಪಾಪುವಿಗೆ ಜ್ವರ ಅಂದಿದ್ದಳು, ಅದನ್ನು ಕೇಳಬೇಕಿತ್ತು. ತಡೀರಿ, ಅಪ್ಪ ಕರೆಯುತ್ತಿದ್ದಾರೆ