ಬೆನ್ ಗ್ರಿಯಮ್ ಬೆಗ್ ನೆತ್ತಿಯ ಗೋಡೆ

ಸ್ಕಾಟ್ಲೆಂಡಿನ ಉತ್ತರದಲ್ಲಿರೋ ಬೆನ್ ಗ್ರಿಯಮ್ ಬೆಗ್ ಬೆಟ್ಟದ ಎತ್ತರ ಬರೀ 580 ಮೀಟರ್. ಪಕ್ಕದ ಬೆನ್ ಗ್ರಿಯಮ್ ಮೋರ್ 590. ಅಲ್ಲಿನ ಹಳೇ ಭಾಷೆ ಗೇಲಿಕ್‌ನಲ್ಲಿ ಬೆಗ್ ಅಂದರೆ ಚಿಕ್ಕದು, ಮೋರ್ ಅಂದರೆ ದೊಡ್ಡದು. ಹತ್ತೇ ಮೀಟರಿನ ವ್ಯತ್ಯಾಸ! ಚಿಕ್ಕದನ್ನೇ ಹತ್ತಬೇಕು ಅಂತ ನಾನು ಹಟ ಹಿಡಿದಿದ್ದೆ. ಅದರ ನೆತ್ತಿಯಲ್ಲಿ ಹಳೇ ಕಲ್ಲುಗೋಡೆ ಇದೆ. ಸ್ಕಾಟ್ಲೆಂಡಿನ ಬೆಟ್ಟದ ಕೋಟೆಗಳಲ್ಲೇ ಅತಿ ಎತ್ತರದ ಜಾಗದಲ್ಲಿರೋದು ಅದೇ ಅಂತಾರೆ.

ಜೂನ್‌ನ ಒಂದು ಶನಿವಾರ ಇನ್ವರ್ನೆಸ್‌ನಿಂದ ನಾನೂ ನಮ್ಮನೆಯವರೂ ಹೊರಟೆವು. ಕಿನ್‌ಬ್ರೇಸ್ ದಾಟಿ, ಗಾರ್ವಾಲ್ಟ್ ಹತ್ತಿರ ಕಾರು ನಿಲ್ಲಿಸಿದೆವು.

ಬೆಟ್ಟ ಹತ್ತೋದು ಕಷ್ಟವಲ್ಲ, ಅದರ ಬುಡ ಮುಟ್ಟೋದೇ ಕಷ್ಟ. ಇದು ಫ್ಲೋ ಕಂಟ್ರಿ, 2024ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜೌಗು ನೆಲ. ಹೆಜ್ಜೆ ಇಟ್ಟಲ್ಲೆಲ್ಲ ನೆಲ ಕುಸಿದು ಮತ್ತೆ ಮೇಲೇಳುತ್ತೆ. ಒಂದು ಹಿಡಿ ಸ್ಫ್ಯಾಗ್ನಮ್ ಪಾಚಿ ಎತ್ತಿ ಹಿಂಡಿದೆ. ಒದ್ದೆ ಟವೆಲ್ ಹಿಂಡಿದ ಹಾಗೆ ನೀರು ಮೊಣಕೈವರೆಗೂ ಇಳಿಯಿತು. ಈ ಪಾಚಿ ಸತ್ತ ಮೇಲೂ ನೀರಿನಲ್ಲಿ ಪೂರ್ತಿ ಕೊಳೆಯಲ್ಲ. ಅದೇ ಪದರ ಪದರವಾಗಿ ಪೀಟ್ ಅನ್ನೋ ಕಪ್ಪು ಮಣ್ಣಾಗುತ್ತೆ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ನಾವು ದಾಟಿದ ಒಂದು ಕೊರಕಲಿನಲ್ಲಿ ಪೀಟ್ ನನ್ನ ಭುಜದೆತ್ತರಕ್ಕಿತ್ತು. ಸಾವಿರ ವರ್ಷಕ್ಕೂ ಜಾಸ್ತಿ ಆಯ್ತು, ಅಲ್ವಾ? ಆ ಕಪ್ಪು ಗೋಡೆಯನ್ನು ಸುಮ್ನೆ ಸವರುತ್ತಾ ನಿಂತುಬಿಟ್ಟೆ.

ನೆತ್ತಿಯ ಗೋಡೆ ಹತ್ತಿರ ಗಾಳಿಯೋ ಗಾಳಿ. "ಇಲ್ಲಿ ಬಂದು ಯಾರ್ರೀ ಕಟ್ಟಿದ್ರು ಇದನ್ನ?" ಅಂದೆ. ಅವರು ಮಾತಾಡದೆ ಕಲ್ಲಿನ ಮರೆಗೆ ಕೂತು ಫ್ಲಾಸ್ಕ್ ತೆಗೆದರು. ನಾನೂ ಕೂತೆ. ಕಿವಿಯಲ್ಲಿ ಮೊರೆಯುತ್ತಿದ್ದ ಗಾಳಿ ಥಟ್ಟನೆ ನಿಂತಿತು. ಉರುಳಿಬಿದ್ದ ಗೋಡೆ ಈಗಲೂ ಆಸರೆ ಕೊಡುತ್ತೆ.

ಪಶ್ಚಿಮಕ್ಕೆ ಬೆನ್ ಕ್ಲಿಬ್ರೆಕ್, ವಾಯುವ್ಯಕ್ಕೆ ಬೆನ್ ಲಾಯಲ್. ನಡುವೆ ಬರೀ ಜೌಗು, ಕೆರೆ. ಇಂಥ ಜಾಗವನ್ನು ಮನುಷ್ಯರೇ ಮುಟ್ಟದ ನೆಲ ಅಂತ ಹೊಗಳಿದರೆ ನನಗೆ ಸಂಕಟವಾಗುತ್ತೆ. ಕೆಳಗಿನ ಕಿಲ್ಡೊನನ್ ಕಣಿವೆಯ ಜನರನ್ನು 1813ರಿಂದ 1819ರ ನಡುವೆ ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸಿದರು. ಕೆಲವರು ಕೆನಡಾದ ರೆಡ್ ರಿವರ್‌ವರೆಗೂ ಹೋದರು.

ವಾಪಸ್ ಬರುವಾಗ ಅದೇ ಕಣಿವೆಯ ರಸ್ತೆ ಹಿಡಿದೆವು. ಕಂದು ಇಳಿಜಾರಿನಲ್ಲಿ ಅಲ್ಲಲ್ಲಿ ಹಸಿರು ತುಂಡುಗಳು. "ನೋಡೇ, ಅಲ್ಲೆಲ್ಲ ಹೊಲ ಇತ್ತು" ಅಂದರು ಇವರು. ಹೆಲ್ಮ್ಸ್‌ಡೇಲ್ ಬರುವವರೆಗೂ ನಾನು ಅವನ್ನೇ ಎಣಿಸುತ್ತಾ ಕೂತಿದ್ದೆ.