ಮುಲ್ಲಾಮಾರಿ ದಾಟಿ ಕಾಡಿನ ಕಡೆಗೆ

ಕಾಡು ಎಂದ ಕೂಡಲೇ ಕಲಬುರಗಿಯವರಾದ ನಮಗೆ ದಾಂಡೇಲಿಯೋ ಕೊಡಗೋ ನೆನಪಾಗುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಅಲ್ಲಿಗೆ ಹೋಗಿಬಂದವರು ನಮ್ಮ ಓಣಿಯಲ್ಲೇ ಎಷ್ಟೋ ಮಂದಿ ಇದ್ದಾರೆ; ಇದೇ ಜಿಲ್ಲೆಯ ಚಿಂಚೋಳಿಯ ಕಾಡನ್ನು ನೋಡಿದವರು ಮಾತ್ರ ಕಡಿಮೆ. ದಸರಾ ರಜೆಯಲ್ಲಿ ಕಾಕಾ ಹಟ ಹಿಡಿದು ಹೊರಡಿಸದಿದ್ದರೆ ನಾನೂ ನೋಡುತ್ತಿರಲಿಲ್ಲ.

ಮಹಾಗಾಂವ ಕ್ರಾಸ್ ಮೇಲೆ ಹಾಯ್ದು ಹೋಗುವ ದಾರಿಯ ಎರಡೂ ಬದಿಗೆ ತೊಗರಿಯೇ ತೊಗರಿ. ಸೊಂಟ ಮೀರಿ ಬೆಳೆದ ಬೆಳೆ ಎರೆ ಹೊಲಗಳನ್ನು ಮುಚ್ಚಿಬಿಟ್ಟಿತ್ತು. ಚಿಂಚೋಳಿಗೆ ತಲುಪಿದಾಗ ಹತ್ತು ಗಂಟೆ. ಸುಸಲಾ, ಮಿರ್ಚಿ ತಿಂದು, ಚಹಾ ಕುಡಿದು, ಮುಲ್ಲಾಮಾರಿಯ ಸೇತುವೆಯ ಮೇಲೆ ಬಂದು ನಿಂತೆವು. ನದಿ ಅಗಲವೇನೂ ಅಲ್ಲ. ಮುಂದೆ ಕಾಗಿಣಾವನ್ನು ಸೇರಿ, ಅದರೊಡನೆ ಭೀಮೆಯ ಪಾಲಾಗುವ ಈ ಹೊಳೆ ಬೇಸಿಗೆಯಲ್ಲಿ ಬಂಡೆಗಳ ನಡುವಿನ ಮಡುಗಳಾಗಿ ಉಳಿಯುತ್ತದೆ. ಮಳೆ ಜೋರಾಗಿ, ಮೇಲಿನ ನಾಗರಾಳ ಜಲಾಶಯದ ಗೇಟು ತೆರೆದರೆ ಕೆಳಗಿನ ಊರುಗಳ ತಗ್ಗು ಸೇತುವೆಗಳನ್ನು ಮುಳುಗಿಸಿಬಿಡುತ್ತದೆ. ನಾವು ಹೋದ ದಿನ ನೀರು ಕೆಂಪಗೆ, ಸಾವಕಾಶವಾಗಿ ಹರಿಯುತ್ತಿತ್ತು. ಸೇತುವೆಯ ಕಂಬಿಗೆ ಸಿಕ್ಕಿಕೊಂಡು ಒಣಗಿದ ಕಸಕಡ್ಡಿಗಳು ಹಿಂದಿನ ತಿಂಗಳು ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ತೋರಿಸುತ್ತಿದ್ದವು. ಅಲ್ಲಿ ನಿಂತಷ್ಟು ಹೊತ್ತಿನಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ನಾಲ್ಕೂ ಕಿವಿಗೆ ಬಿದ್ದವು. ತೆಲಂಗಾಣದ ಗಡಿ ಇಲ್ಲಿಗೆ ದೂರವಿಲ್ಲ.

"ಹುಲಿ ನೋಡಾಕ ಬಂದಿದ್ರ ಈಗ್ಲೇ ತಿರುಗಿ ಬಸ್ ಹತ್ತು," ಎಂದು ಕಾಕಾ ಮೊದಲೇ ಹೇಳಿಬಿಟ್ಟಿದ್ದರು. ಇದು ಒಣ ಸೀಮೆಯ ಕಾಡು. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ, ಸುಮಾರು 134 ಚದರ ಕಿಲೋಮೀಟರಿನ ಈ ಪ್ರದೇಶದಲ್ಲಿ ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿಗಳು ಇವೆ. ಆದರೆ ಹಗಲು ಹೊತ್ತಿನಲ್ಲಿ ಜೀಪಿನ ಸದ್ದು ಮಾಡುತ್ತ ಹೋಗುವವರ ಕಣ್ಣಿಗೆ ಅವು ಬೀಳುವುದು ಅಪರೂಪ. ನಮಗೂ ಕಂಡದ್ದು ನವಿಲು ಮತ್ತು ಮಂಗಗಳು ಮಾತ್ರ.

ಕಾಡು ಶುರುವಾದದ್ದು ನನಗೆ ತಿಳಿದದ್ದು ಮರಗಳಿಂದಲ್ಲ, ಮಣ್ಣಿನಿಂದ. ಎರೆಯ ಕಪ್ಪು ಹಿಂದೆ ಸರಿದು, ಚಕ್ರದಡಿ ಕರಕರ ಎನ್ನುವ ಕೆಂಪು ಮುರುಮು ಬಂತು. ಅದರ ಬೆನ್ನಿಗೇ ಸಾಗುವಾನಿ. ಕಾಕಾ ಒಂದು ಎಳೆಯ ಎಲೆಯನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು ತಿಕ್ಕು ಎಂದರು. ಹಸಿರು ಎಲೆಯಿಂದ ರಕ್ತದಂಥ ಬಣ್ಣ ಇಳಿದು ಬೆರಳ ಸಂದುಗಳಿಗೆಲ್ಲ ಹತ್ತಿಕೊಂಡಿತು. ಚಂದ್ರಂಪಳ್ಳಿಯ ನೀರಿನಲ್ಲಿ ಎಷ್ಟು ತೊಳೆದರೂ ಅದು ಪೂರ್ತಿ ಹೋಗಲಿಲ್ಲ.

ಚಂದ್ರಂಪಳ್ಳಿಯ ಜಲಾಶಯವೇ ಈ ಪ್ರವಾಸದ ತಿರುಳು ಎನ್ನಬೇಕು. ಗುಡ್ಡಗಳ ನಡುವೆ ಒಡ್ಡು ಕಟ್ಟಿ ನಿಲ್ಲಿಸಿದ ನೀರು, ನೀರಿನ ಅಂಚಿನವರೆಗೂ ಇಳಿದು ಬಂದ ಕಾಡು, ಮೇಲೆ ಮೋಡ. ನಮ್ಮ ಜಿಲ್ಲೆಯಲ್ಲಿ ಇಂಥದೊಂದು ಇದೆಯೆಂದು ಫೋಟೋ ತೋರಿಸಿದರೆ ನಂಬದವರೇ ಹೆಚ್ಚು. ದೋಣಿಯಲ್ಲಿ ಸುತ್ತಬೇಕೆಂದು ಬಂದಿದ್ದ ನನಗೆ ಅಂದು ದೋಣಿ ಸಿಗಲಿಲ್ಲ. ದಂಡೆಯ ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಕಟಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಮಗಿಂತ ಮೊದಲು ಅಲ್ಲಿ ಉಂಡೆದ್ದವರು ಬಿಟ್ಟುಹೋದ ಪ್ಲಾಸ್ಟಿಕ್ ತಾಟುಗಳನ್ನು ಆರಿಸಿ ಚೀಲಕ್ಕೆ ತುಂಬುವಾಗ ಕಾಕಾ ಅವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮಧ್ಯಾಹ್ನದ ಮೇಲೆ ಕೊಂಚಾವರಂ ಕಡೆಯ ಎತ್ತಿಪೋತ ಜಲಪಾತಕ್ಕೆ ಹೋದೆವು. ಮಳೆಗಾಲ ಕಳೆದಂತೆ ಬತ್ತುವ ಜಲಪಾತವಿದು. ನಮ್ಮ ಪಾಲಿಗೆ ಇನ್ನೂ ನೀರಿತ್ತು. ಪಾಚಿ ಹಿಡಿದ ಕಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡೇ ಇಳಿಯಹೋಗಿ ನಾನು ಜಾರಿ ಮೊಣಕಾಲು ಕೆತ್ತಿಸಿಕೊಂಡೆ. ಬರಿಗಾಲಲ್ಲಿದ್ದ ಕಾಕಾ, ಅರವತ್ತು ದಾಟಿದವರು, ನೀರಿನ ಬುಡದವರೆಗೆ ಹೋಗಿ ಬಂದರು.

ಹಿಂದಿರುಗುವಾಗ ತಾಂಡಾದ ಹತ್ತಿರ ಒಬ್ಬ ಹೆಣ್ಣುಮಗಳು ಬುಟ್ಟಿಯಲ್ಲಿ ಸೀತಾಫಲ ಇಟ್ಟುಕೊಂಡು ಕುಳಿತಿದ್ದಳು. ಎಲ್ಲವೂ ಗುಡ್ಡದ ಹಣ್ಣು, ಗಾತ್ರದಲ್ಲಿ ಸಣ್ಣವು. ಕಾಯಿ ಗಟ್ಟಿಯಾಗಿವೆಯಲ್ಲ ಎಂದು ನಾನು ಅನುಮಾನಿಸಿದೆ. ಅವಳು ಒಂದನ್ನು ಎತ್ತಿ ಮುಖದ ಹತ್ತಿರ ಹಿಡಿದು, "ಕಣ್ಣು ಬಿಟ್ಟಾವ ನೋಡ್ರಿ ಅಣ್ಣಾ, ಎರಡು ದಿನಕ್ಕ ಹಣ್ಣಾಗ್ತಾವ," ಎಂದಳು. ಹಸಿರು ಗಂಟುಗಳ ನಡುವಿನ ಗೆರೆಗಳು ಬಿಚ್ಚಿಕೊಂಡು, ಒಳಗಿನ ಬಿಳುಪು ಹಳದಿಗೆ ತಿರುಗಿತ್ತು. ಅದಕ್ಕೇ ಕಣ್ಣು ಎನ್ನುತ್ತಾರೆಂದು ಕಾಕಾ ದಾರಿಯಲ್ಲಿ ತಿಳಿಸಿದರು.

ಮನೆಯಲ್ಲಿ ಜೋಳದ ಚೀಲದೊಳಗೆ ಹೂತಿಟ್ಟೆವು. ಮೂರನೆಯ ದಿನ ಬೆಳಿಗ್ಗೆ ಪಡಸಾಲೆಯೆಲ್ಲ ಘಮಘಮ ಎನ್ನುತ್ತಿತ್ತು. ನನ್ನ ಉಗುರಿನ ಸಂದಿಯಲ್ಲಿ ಸಾಗುವಾನಿಯ ಕೆಂಪು ಇನ್ನೂ ಇತ್ತು.